ಹಳದಿ ವಿಮಾನದ ಇಪ್ಪತ್ತು ನಿಮಿಷ

ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್, ಟಕ್.

ರಾತ್ರಿ ಎರಡು ಗಂಟೆ ದಾಟಿತ್ತು. ನೀರಜಾ ನಿದ್ದೆಹೋದ ಗಂಡನ ಪಕ್ಕದಲ್ಲಿ ಕಣ್ಣು ಬಿಟ್ಟುಕೊಂಡು ಅಲುಗಾಡದೆ ಮಲಗಿದ್ದಳು. ಕೆಳಗಿನ ಕೋಣೆಯಲ್ಲಿ ಅಪ್ಪ ಮಂಚದ ಹಲಗೆಯನ್ನು ಉಗುರಿನಿಂದ ಬಡಿಯುತ್ತಿದ್ದರು. ನೋವು ಬಂದರೆ ಅವರು ನರಳುವವರಲ್ಲ, ಯಾರನ್ನೂ ಎಬ್ಬಿಸುವವರಲ್ಲ. ಹೀಗೆ ಬಡಿಯುತ್ತಾರೆ, ಅಷ್ಟೇ. ಅವರ ಪಕ್ಕದಲ್ಲೇ ಮಲಗುವ ಅಮ್ಮ ಶ್ರೀಲತಾ ಕಿವಿಯ ಮೆಷಿನ್ನು ತೆಗೆದಿಟ್ಟು ಮಲಗುವುದರಿಂದ ಅವರಿಗೆ ಅದು ಕೇಳಿಸದು. ಎರಡು ತಿಂಗಳಿಂದ ಅಮೆರಿಕದ ಏಪೆಕ್ಸ್ ಊರಿನ ಆ ಮನೆಯಲ್ಲಿ ಆ ಸದ್ದನ್ನು ಕೇಳುತ್ತಿದ್ದವಳು ನೀರಜಾ ಒಬ್ಬಳೇ.

ಆಗಸ್ಟಿನಲ್ಲಿ ಸ್ಕ್ಯಾನ್ ಆದ ಮೇಲೆ ಡಾಕ್ಟರು, “ನಿಮಗೆ ಎಷ್ಟು ವಿವರ ಬೇಕು?” ಎಂದು ಅಪ್ಪನನ್ನೇ ಕೇಳಿದ್ದರು. ಕೇಶವಮೂರ್ತಿಗಳು ಸೋಫಾದಲ್ಲಿ ನೆಟ್ಟಗೆ ಕೂತು, “ಮಗಳಿಗೆ ಹೇಳಿ. ಅವಳು ನನಗೆ ಹೇಳುತ್ತಾಳೆ,” ಎಂದಿದ್ದರು. ಡಾಕ್ಟರು ಹೇಳಿದರು. ಮಗಳು ಹೇಳಲಿಲ್ಲ. ಪಿತ್ತಕೋಶದಲ್ಲಿ ಊತ, ಮಾತ್ರೆಯಲ್ಲಿ ಇಳಿಯುತ್ತದೆ ಎಂದಳು. ರಾಕ್‌ವಿಲ್‌ನಲ್ಲಿದ್ದ ತಮ್ಮ ಯತೀಶನೂ ಅವಳೂ ಸೇರಿ ಫೋನಿನಲ್ಲಿ ಆ ಊತದ ನೆಪವನ್ನು ಹುಡುಕಿ ತೆಗೆದಿದ್ದರು. ಅಮ್ಮನಿಗೂ ಅದನ್ನೇ ಒಪ್ಪಿಸಿದರು. ಅವರ ಮನೆತನದಲ್ಲಿ ಇಂಥದ್ದನ್ನು ರೋಗಿಗೆ ಹೇಳಿದವರು ಯಾರೂ ಇರಲಿಲ್ಲ. ಅಜ್ಜಿಗೆ ಹೇಳಿರಲಿಲ್ಲ, ದೊಡ್ಡಪ್ಪನಿಗೂ ಹೇಳಿರಲಿಲ್ಲ.

ಅಕ್ಟೋಬರಿನಲ್ಲಿ ಅಪ್ಪನಿಗೆ ಎಪ್ಪತ್ತೈದು ತುಂಬುತ್ತಿತ್ತು.

“ಟೆಂಪಲ್‌ನಲ್ಲಿ ಒಂದು ಶಾಂತಿ ಮಾಡ್ಸೋಣ ಕಣಕ್ಕ. ನಾನು ಡ್ರೈವ್ ಮಾಡ್ಕೊಂಡು ಬಂದ್ಬಿಡ್ತೀನಿ,” ಎಂದ ಯತೀಶ.

“ಬೇಡ ಕಣೋ. ಅವ್ರನ್ನ ಕೂರ್ಸಿ ಅಕ್ಷತೆ ಹಾಕಿ ನೂರು ವರ್ಷ ಬಾಳಿ ಅಂತ ಹರಸ್ತಾರೆ. ಅದನ್ನ ನಾನು ಪಕ್ಕದಲ್ಲಿ ನಿಂತು ಕೇಳ್ಬೇಕಾ?”

ಯತೀಶ, “ಮತ್ತೆ ಏನು ಕೊಡೋದು? ಸ್ವೆಟರ್ ಕೊಡಕ್ಕಾಗತ್ತಾ?” ಎಂದ. ಮುಂದಿನ ಚಳಿಗಾಲ ಇಬ್ಬರ ಮನಸ್ಸಿನಲ್ಲೂ ಹಾದುಹೋಯಿತು. ಇಬ್ಬರೂ ಫೋನಿಟ್ಟರು.

ಕೊಡುವುದೇನೆಂದು ಅವಳಿಗೆ ಹೊಳೆದದ್ದು ಆ ಟಕ್ ಟಕ್ ಕೇಳುತ್ತಿದ್ದಾಗಲೇ. ಅಪ್ಪ ಜಕ್ಕೂರಿನ ಹಾರಾಟ ಶಾಲೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಬಟ್ಟೆ ಹೊದಿಸಿದ ಪುಟ್ಟ ವಿಮಾನಗಳ ರೆಕ್ಕೆಯನ್ನು ಹೊಲಿಯುವುದು, ಅದಕ್ಕೆ ವಾರ್ನಿಷ್ ಬಳಿದು ಬಿಗಿಯಾಯಿತೇ ಎಂದು ಬೆರಳಿನಿಂದ ಬಡಿದು ನೋಡುವುದು ಅವರ ಕೆಲಸ. ಆದರೆ ಅವುಗಳಲ್ಲಿ ಒಂದು ದಿನವೂ ಹಾರಿದವರಲ್ಲ. ಕೆಲಸಕ್ಕೆ ಸೇರಿದ ದಿನವೇ ಅವರ ತಾಯಿ, ಆ ಬಟ್ಟೆಯ ವಿಮಾನ ಹತ್ತುವುದಿಲ್ಲವೆಂದು ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದರು. ತಾಯಿ ತೀರಿಕೊಳ್ಳುವ ಹೊತ್ತಿಗೆ ಅಪ್ಪ ರಿಟೈರಾಗಿದ್ದರು. ಅಮೆರಿಕಕ್ಕೆ ಬಂದ ವಿಮಾನವನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. “ಅದು ಬಸ್ಸಮ್ಮ. ಗಾಳಿ ಮುಖಕ್ಕೆ ಹೊಡೀಬೇಕು, ಅದು ಹಾರೋದು,” ಎಂದಿದ್ದರು.

ಸ್ಯಾನ್‌ಫರ್ಡ್ ಆಚೆಗಿನ ಒಂದು ಚಿಕ್ಕ ಮೈದಾನದಲ್ಲಿ ಹಣ ಕೊಟ್ಟವರನ್ನು ಹಳೆಯ ವಿಮಾನಗಳಲ್ಲಿ ಹಾರಿಸುತ್ತಿದ್ದರು. ವೆಬ್‌ಸೈಟಿನಲ್ಲಿ ಮೂರು ವಿಮಾನಗಳಿದ್ದವು. ಒಂದು ಯುದ್ಧಕಾಲದ್ದು, ಅದರ ರೆಕ್ಕೆ ಹತ್ತುವುದೇ ಕಷ್ಟ. ಇನ್ನೊಂದರಲ್ಲಿ ನಾಲ್ವರು ಕೂರಬಹುದು, ಅವಳೂ ಜೊತೆಗೆ ಹೋಗಬಹುದಿತ್ತು. ಆದರೆ ಮೈಯೆಲ್ಲ ತಗಡು, ಕಿಟಕಿಗೆ ಗಾಜು. ಮೂರನೆಯದು ಒಂದರ ಮೇಲೊಂದು ರೆಕ್ಕೆಯಿದ್ದ ಹಳದಿ ವಿಮಾನ, ಮೇಲೆ ಮುಚ್ಚಳವಿಲ್ಲ, ಪೈಲಟ್ಟಿನ ಜೊತೆ ಒಬ್ಬರಿಗೇ ಜಾಗ. ನೀರಜಾ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದಳು. ರೆಕ್ಕೆಯ ಮೇಲೆ ಹೊಲಿಗೆಯ ಸಾಲು ಕಾಣುತ್ತಿತ್ತು. ಅದನ್ನೇ ಆರಿಸಿದಳು. ಡಾಕ್ಟರನ್ನು ಕೇಳಿದಾಗ ಈ ತಿಂಗಳು ಪರವಾಗಿಲ್ಲ, ಮುಂದಿನ ತಿಂಗಳ ಮಾತು ಹೇಳಲಾರೆ ಎಂದರು.

ಫಾರ್ಮಿನ ಕೊನೆಯಲ್ಲಿ ಒಂದು ಚೌಕವಿತ್ತು: ಈ ಹಾರಾಟದ ವಿಶೇಷವೇನು, ನಮಗೆ ತಿಳಿದಿರಬೇಕಾದದ್ದು ಏನಾದರೂ ಇದೆಯೇ? ನೀರಜಾ ಮಾತನ್ನು ತೂಗಿ ಆಡುವವಳು, ಬರೆಯುವಾಗ ಇನ್ನೂ ಹೆಚ್ಚು. ಮೂರು ಸಲ ತಿದ್ದಿದಳು. ಅಪರಿಚಿತರ ಬಳಿ ನೇರವಾಗಿ ಹೀಗೆ ಮಾಡಿ ಎನ್ನಲು ಅವಳಿಗೆ ಬಾಯಿ ಬರದು. ಮೊದಲು ಕಾರಣ ಹೇಳಬೇಕು, ಹಿನ್ನೆಲೆ ತಿಳಿಸಬೇಕು, ಆಮೇಲೆ ಕೇಳಿಕೊಳ್ಳಬೇಕು. ಅಪ್ಪನ ಕಾಯಿಲೆಯ ಹೆಸರು, ಇದೇ ಕೊನೆಯ ಹುಟ್ಟುಹಬ್ಬವೆಂಬುದು, ಜಕ್ಕೂರು, ಹೊಲಿಗೆ, ಅಜ್ಜಿಯ ಆಣೆ, ಎಲ್ಲ ಬರೆದು, ಕೊನೆಯ ಸಾಲಿನಲ್ಲಿ ವಿನಯದಿಂದ ಕೇಳಿಕೊಂಡಳು: ಕಾಯಿಲೆಯ ವಿಷಯ ಅವರಿಗೆ ಗೊತ್ತಿಲ್ಲ, ದಯವಿಟ್ಟು ಅವರೆದುರು ಎತ್ತಬೇಡಿ.

ಶನಿವಾರ ಬೆಳಿಗ್ಗೆ ಅಮ್ಮ ಒಬ್ಬಟ್ಟಿಗೆ ಕಣಕ ನಾದುತ್ತ ಬಾಗಿಲಿಗೆ ಬಂದರು.

“ಎಪ್ಪತ್ತೈದಕ್ಕೆ ಹೀರೋ ಆಗಕ್ಕೆ ಹೊರಟ್ರಿ. ಮಫ್ಲರ್ ಸುತ್ಕೊಳ್ಳಿ.”

“ಮಫ್ಲರ್ ಹೋಗಿ ಪ್ರೊಪೆಲ್ಲರ್‌ಗೆ ಸುತ್ಕೊಂಡ್ರೆ?”

“ಆಗ ಇಬ್ರಿಗೂ ಶೀತ ಆಗಲ್ಲ, ಹೋಗಿ.”

ದಾರಿಯುದ್ದಕ್ಕೂ ಅಪ್ಪ ಮಾತಾಡಿದರು. ತಿಂಗಳುಗಳಿಂದ ಅಷ್ಟು ಮಾತಾಡಿರಲಿಲ್ಲ. ಪೈನ್ ಮರಗಳ ನಡುವೆ ಕಾರು ಓಡಿಸುತ್ತ ನೀರಜಾ ಅವರ ಅಂಗಿಯ ಕಾಲರನ್ನು ಕದ್ದು ನೋಡುತ್ತಿದ್ದಳು. ಕತ್ತಿಗೂ ಕಾಲರಿಗೂ ನಡುವೆ ಮೂರು ಬೆರಳು ಹೋಗುವಷ್ಟು ಜಾಗವಾಗಿತ್ತು.

ಶೆಡ್ಡಿನ ಬಾಗಿಲಲ್ಲಿ ಬಿಳಿ ಮೀಸೆಯ ಮುದುಕನೊಬ್ಬ ಹಲಗೆಗೆ ಸಿಕ್ಕಿಸಿದ ಕಾಗದ ಹಿಡಿದು ನಿಂತಿದ್ದ. ಅಪ್ಪನ ಹೆಸರನ್ನು ಕಷ್ಟಪಟ್ಟು ಓದಿ, ಟೋಪಿ ತೆಗೆದು, ಎರಡೂ ಕೈಗಳಿಂದ ಅವರ ಕೈ ಹಿಡಿದುಕೊಂಡ.

“ನನ್ನ ಅಣ್ಣನಿಗೂ ಇದೇ ಕ್ಯಾನ್ಸರ್, ಸರ್. ಪ್ಯಾಂಕ್ರಿಯಾಸ್. ಕೊನೆಯ ಹುಟ್ಟುಹಬ್ಬಕ್ಕೆ ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ನೀವು ಇಲ್ಲಿಗೆ ಬಂದಿರಿ. ನಿಮ್ಮಂಥವರನ್ನು ಹಾರಿಸುವುದು ನಮಗೆ ಗೌರವ.”

ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

“ಥ್ಯಾಂಕ್ಯೂ ಸರ್,” ಎಂದರು ಅಪ್ಪ.

“ಅಪ್ಪಾ, ಅವ್ರು ಬೇರೆ ಯಾರನ್ನೋ ಅನ್ಕೊಂಡು...” ನೀರಜಾ ನಡುವೆ ಬಂದಳು.

ಅಪ್ಪ ಕಾಗದಕ್ಕಾಗಿ ಕೈ ಚಾಚಿದರು. ಅದರ ಕೆಳಗೆ ಅವರು ಸಹಿ ಹಾಕಬೇಕಿತ್ತು. ಮೇಲಿನಿಂದ ಕೆಳಗಿನವರೆಗೆ ಓದದೆ ಅವರು ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ. ಕನ್ನಡಕ ಹಾಕಿಕೊಂಡು ಓದಿದರು. ಪಕ್ಕದಲ್ಲಿ ನಿಂತ ನೀರಜಾಳಿಗೂ ಕಂಡಿತು. ಅವಳು ಬರೆದದ್ದು ಅಚ್ಚಾಗಿತ್ತು, ಆದರೆ ಚೌಕದಲ್ಲಿ ಹಿಡಿಸಿದಷ್ಟು ಮಾತ್ರ. ಕಾಯಿಲೆ ಇತ್ತು, ಕೊನೆಯ ಹುಟ್ಟುಹಬ್ಬ ಇತ್ತು, ಜಕ್ಕೂರು ಇತ್ತು. ಅಜ್ಜಿಯ ಆಣೆಯ ಅರ್ಧಕ್ಕೆ ಅಕ್ಷರಗಳು ನಿಂತುಹೋಗಿದ್ದವು. ಕೊನೆಯ ಸಾಲು ಯಾರಿಗೂ ತಲುಪಿರಲಿಲ್ಲ.

ಅಪ್ಪ ಸಹಿ ಹಾಕಿ ಕಾಗದವನ್ನು ಮುದುಕನಿಗೆ ಕೊಟ್ಟರು.

“ಇಂಗ್ಲಿಷ್ ಚೆನ್ನಾಗಿ ಬರ್ದಿದೀಯ,” ಎಂದರು ಮಗಳಿಗೆ.

“ಬೇಡಪ್ಪ. ಮನೆಗೆ ಹೋಗ್ಬಿಡೋಣ.”

“ಯಾಕೆ? ಬುಕ್ ಮಾಡಿದೀಯಲ್ಲ.”

ಹಳದಿ ವಿಮಾನ ಹುಲ್ಲಿನ ಮೇಲೆ ನಿಂತಿತ್ತು. ಅಪ್ಪ ಅದರ ಸುತ್ತ ಒಂದು ಸುತ್ತು ಬಂದರು. ಕೆಳಗಿನ ರೆಕ್ಕೆಯ ಪಕ್ಕ ಬಗ್ಗಿ ಬಟ್ಟೆಯನ್ನು ಉಗುರಿನಿಂದ ಬಡಿದರು. ಟಕ್. ಕಿವಿಗೊಟ್ಟರು. ಮತ್ತೆ ಟಕ್, ಟಕ್. ರಾತ್ರಿಯ ಅದೇ ಸದ್ದು. ನೀರಜಾ ಶೆಡ್ಡಿನ ಕಂಬಕ್ಕೆ ಒರಗಿದಳು.

ಇಪ್ಪತ್ತು ನಿಮಿಷ ಆ ವಿಮಾನ ಪೈನ್ ಕಾಡಿನ ಮೇಲೆ ನೊಣದಷ್ಟಾಗಿ, ಮತ್ತೆ ಹಕ್ಕಿಯಷ್ಟಾಗಿ ಸುತ್ತಿತು. ಮುಂದಿನ ಸೀಟಿನ ಕುಳಿಯಲ್ಲಿ ಒಂದು ತಲೆ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಮುದುಕ ಅವಳಿಗೆ ಪೇಪರ್ ಕಪ್ಪಿನಲ್ಲಿ ಕಾಫಿ ತಂದುಕೊಟ್ಟ. ಅಪ್ಪನಿಗೆ ಇದು ಗೊತ್ತೇ ಇರಲಿಲ್ಲವೆಂದು ಅವನಿಗೆ ಹೇಳಿಬಿಡಬೇಕೆನಿಸಿತು. ಹೇಳಿದರೆ ಈ ಒಳ್ಳೆಯ ಮನುಷ್ಯ ರಾತ್ರಿಯೆಲ್ಲ ನಿದ್ದೆಗೆಡುತ್ತಾನೆ, ಅಪ್ಪನಿಗೆ ಅದರಿಂದ ಏನೂ ಆಗುವುದಿಲ್ಲ. ಕಾಫಿ ಕುಡಿದಳು.

ಇಳಿದ ಮೇಲೆ ಪೈಲಟ್, ಕಂಟ್ರೋಲ್ ಕೊಟ್ಟಾಗ ಇವರ ಕೈ ಚೂರೂ ಅಲುಗಲಿಲ್ಲ ಎಂದು ಹೊಗಳಿದ. ಅಪ್ಪ ನಕ್ಕು ಫೋಟೋಗೆ ನಿಂತರು. ಕಾರಿನಲ್ಲಿ ಬೆಲ್ಟ್ ಹಾಕಿಕೊಳ್ಳುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು.

“ಹೇಗಿತ್ತಪ್ಪಾ?”

“ಗೊತ್ತಾಗಲಿಲ್ಲಮ್ಮ.” ಅವರು ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು. “ಮೇಲಿದ್ದಾಗ ಏನೂ ನೋಡಲಿಲ್ಲ. ತಿಂಗಳು ಎಣಿಸ್ತಾ ಕೂತಿದ್ದೆ. ಎಲ್ಲಿವರೆಗೆ ಅಂದ್ರು?”

“ಜನವರಿ ಅಂದ್ರು.”

“ಜನವರಿ ತನಕಾನಾ, ಜನವರಿ ಕಷ್ಟಾನಾ?”

ಕೆಂಪು ದೀಪ ಬಿತ್ತು. ನೀರಜಾ ಕಾರು ನಿಲ್ಲಿಸಿದಳು.

“ಕಷ್ಟ.”

ಅಪ್ಪ ತಲೆಯಾಡಿಸಿದರು. ದೀಪ ಹಸಿರಾಯಿತು.

“ನೀನು ಹೇಳ್ತೀಯ ಅಂತಾನೇ ನಾನು ಡಾಕ್ಟರನ್ನ ಕೇಳಿರ್ಲಿಲ್ಲ.”

“ಹೇಗಪ್ಪಾ ಹೇಳ್ಲಿ?”

“ಹೌದು. ಹೇಗೆ ಹೇಳ್ತೀಯ.”

ಅದರಲ್ಲಿ ಕೋಪವಿತ್ತೋ ಕ್ಷಮೆಯಿತ್ತೋ ಎಂದು ಅವಳು ಮನೆಯವರೆಗೂ ಹುಡುಕಿದಳು. ಎರಡೂ ಇರಲಿಲ್ಲ. ಅವರು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದರು, ಅಷ್ಟೇ.

ಮನೆಯಲ್ಲಿ ಒಬ್ಬಟ್ಟಿನ ವಾಸನೆ ತುಂಬಿತ್ತು. ಅಪ್ಪ ಒಳಗೆ ಕಾಲಿಟ್ಟದ್ದೇ ತಡ, ದನಿ ಏರಿಸಿ ಕೈ ಬೀಸಿ ಹೇಳತೊಡಗಿದರು. ಕೆರೆ ಒಂದು ಬಟ್ಟಲಷ್ಟು ಕಂಡಿತಂತೆ, ಕಾಡೆಲ್ಲ ಕೆಂಪು ಹಳದಿ ರತ್ನಗಂಬಳಿಯಂತಿತ್ತಂತೆ, ಗಾಳಿಗೆ ಹಲ್ಲಿನ ಸೆಟ್ಟೇ ಹಾರಿಹೋಗಬೇಕಿತ್ತಂತೆ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಕೆರೆ, ಕಾಡು ಎರಡೂ ವೆಬ್‌ಸೈಟಿನಲ್ಲಿದ್ದ ಚಿತ್ರಗಳು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ನೀರಜಾಳೇ ಅವರಿಗೆ ತೋರಿಸಿದ್ದಳು.

ಸಂಜೆ ಬಂದ ಯತೀಶ ಅವಳನ್ನು ಗರಾಜಿಗೆ ಕರೆದು ಮೆಲ್ಲಗೆ ಕೇಳಿದ.

“ಅಪ್ಪಂಗೆ ಏನೂ ಡೌಟ್ ಬರ್ಲಿಲ್ಲ ತಾನೆ? ಅಲ್ಲಿ ಯಾರೂ ಏನೂ ಕೇಳ್ಲಿಲ್ವಾ?”

ಹೇಳಿದರೆ ಯತೀಶ ಅಪ್ಪನ ಕಾಲು ಹಿಡಿದು ಅಳುತ್ತಾನೆ. ಅಮ್ಮನಿಗೆ ಗೊತ್ತಾಗುತ್ತದೆ. ಆಮೇಲೆ ಉಳಿದ ದಿನಗಳಲ್ಲೆಲ್ಲ ಅಪ್ಪ ಒಬ್ಬೊಬ್ಬರನ್ನಾಗಿ ಸಮಾಧಾನ ಮಾಡುತ್ತ ಕೂರಬೇಕು. ಅದಕ್ಕಿಂತ ಹೆಚ್ಚಾಗಿ, ಅವರು ಐವತ್ತು ವರ್ಷ ಕಾದಿದ್ದ ಹಾರಾಟದಲ್ಲಿ ಏನನ್ನೂ ನೋಡಲಿಲ್ಲ ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಒಳಗೆ ಅಪ್ಪನ ಕಥೆ ಇನ್ನೂ ನಡೆದಿತ್ತು. ಈಗ ಕೆರೆ ಎರಡಾಗಿದ್ದವು. ಇವನಿಗೂ ಬೇಡ, ಗಂಡನಿಗೂ ಬೇಡ, ಯಾರಿಗೂ ಹೇಳುವುದಿಲ್ಲ ಎಂದು ನೀರಜಾ ಅಲ್ಲೇ ನಿರ್ಧರಿಸಿದಳು.

“ಇಲ್ಲ ಕಣೋ,” ಎಂದಳು. “ತುಂಬ ಎಂಜಾಯ್ ಮಾಡಿದ್ರು.”