ಕರಿ ಗಾಲಿಯ ಶುಕ್ರವಾರ

ಗುಳ್ಳೆ ಎದ್ದಿತು, ಇನ್ನೊಂದು, ಅಗೋ ಮತ್ತೊಂದು — ಹಂಚಿನ ಮೇಲೆ ರೊಟ್ಟಿ ಉಬ್ಬಿದ ಹಾಗೆ, ಪೇಂಟ್ ರಿಮೂವರ್ ಬಳಿದ ಕಾರಿನ ಗಾಲಿಯ ಕರಿ ಬಣ್ಣ ಉಬ್ಬಿ ಬರುತ್ತಿದೆ, ವಾಸನೆ ಮಾತ್ರ ಮೂಗಿನ ಕೂದಲು ಸುಡುವಂಥದ್ದು, ಚಂದ್ರಮೋಹನ್ ಮುಖ ಆಚೆ ತಿರುಗಿಸಿ ಉಸಿರೆಳೆದುಕೊಂಡು ಮತ್ತೆ ಬಾಗಿ ಪ್ಲಾಸ್ಟಿಕ್ ಸ್ಕೇಲಿನಿಂದ ಕೆರೆದ, ಸಿಪ್ಪೆ ಸಿಪ್ಪೆಯಾಗಿ ಕಿತ್ತು ಬಂತು, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ, ಎಷ್ಟು ಚಂದ, ಇದನ್ನು ಮುಚ್ಚಿ ಕರಿ ಬಳಿದಿದ್ದನಲ್ಲ ಆ ಪುಣ್ಯಾತ್ಮ, ಕಾರು ಮಾರಿದ ಓಬಳಾಪುರದ ಕಡೆಯವನು, ಕಪ್ಪು ಗಾಲಿ ಅಂದ್ರ ಈಗಿನ ಸ್ಟೈಲು ಸರ್ ಅಂದ, ಸ್ಟೈಲಂತೆ, ಅವನ ಮನೆಯಲ್ಲಿ ಉಜ್ಜಿನಮ್ಮ ಇಲ್ಲವಲ್ಲ, ಅವಳು ಚಂದ್ರಮೋಹನನ ಪಾಲಿಗೆ ಬಂದ ತಾಯಿ, ಕಾರಿನ ಸುತ್ತ ಒಂದು ಸುತ್ತು ಹಾಕಿ, ಸೆರಗು ಬಾಯಿಗೆ ಹಿಡಿದು, ಕರಿ ಗಾಲಿ ಗಾಡ್ಯಾಗ ನಾ ಕುಂದ್ರಂಗಿಲ್ಲಪ ಅಂದುಬಿಟ್ಟಳು, ಶನಿವಾರ, ಅದೂ ನೇಮಕಲ್ಲು ಆಂಜನೇಯನ ಗುಡಿಗೆ, ಶನಿ ಬಣ್ಣದ ಗಾಲಿ ಮ್ಯಾಲೆ ಹೋಗ್ತಾರೇನಲೇ, ನೀವು ಕಾರಿನಾಗ ಬರ್ರಿ, ನಾ ಬಸ್ಸಿಗೆ ಬರ್ತೀನಿ. ಯಮ್ಮಾ, ಟೈರೂ ಕರೇದ ಅಲ್ಲೇನು ಅಂದರೆ, ಟೈರು ನೆಲಕ್ಕ ಹತ್ತಿದ್ದು, ಗಾಲಿ ನಮಗ ಹತ್ತಿದ್ದು ಅಂದಳು. ಅವಳಿಗಾಗಿಯೇ ತಂದ ಕಾರು, ನೇಮಕಲ್ಲಿನ ಬಸ್ಸಿನಲ್ಲಿ ಅವಳು ಸೀಟಿನ ಮೇಲೆ ಕೂತದ್ದನ್ನು ಅವನು ನೋಡಿಯೇ ಇಲ್ಲ, ಆಗ ಚಿಕ್ಕವನಾಗಿದ್ದ ಇವನನ್ನು ಯಾರದೋ ತೊಡೆಯ ಮೇಲೆ ಕೂರಿಸಿ ತಾನು ಕಂಬಿ ಹಿಡಿದು ನಿಂತೇ ಬರುತ್ತಿದ್ದಳು, ಒಂದು ಸಲ, ಒಂದೇ ಸಲ ಅವಳು ಹಿಂದಕ್ಕೆ ಒರಗಿ ಕೂರಬೇಕು, ಇವನು ಕನ್ನಡಿಯಲ್ಲಿ ನೋಡಬೇಕು, ನಾಳೆ ಬೆಳಿಗ್ಗೆಯೇ ಶನಿವಾರ.

ಒಂದು ಗಾಲಿ ಮುಗಿಯಿತು, ಎರಡನೆಯದಕ್ಕೆ ಕೈ ಹಾಕಿದರೆ ರಿಮೂವರ್ ಡಬ್ಬಿಯ ತಳ ಕಾಣುತ್ತಿದೆ, ಅಂಗಡಿಯವನು ಹೇಳಿದ್ದ, ನಾಲ್ಕು ಗಾಲಿಗೆ ಒಂದು ಡಬ್ಬಿ ಸಾಲಂಗಿಲ್ರೀ ಅಂತ, ಇವನು ಕೇಳಲಿಲ್ಲ, ಯಾಕೆ ಕೇಳಬೇಕು, ಬಣ್ಣ ಬಿಡಿಸುವುದನ್ನು ಚಂದ್ರಮೋಹನನಿಗೆ ಹೇಳಿಕೊಡುವವನು ರಾಯದುರ್ಗದಲ್ಲಿ ಹುಟ್ಟಿದ್ದಾನೆಯೇ, ಹದಿನೆಂಟು ವರ್ಷದಿಂದ ಜೀನ್ಸ್ ವಾಷಿಂಗ್ ಯೂನಿಟ್ಟಿನಲ್ಲಿ ಹೊಚ್ಚ ಹೊಸ ಪ್ಯಾಂಟುಗಳನ್ನು ಕಲ್ಲು ಹಾಕಿ ತಿರುವಿ, ಮೊಣಕಾಲಿನಲ್ಲಿ ಬೆಳ್ಳಗಾಗಿಸಿ, ಮೂರು ತಲೆಮಾರು ತೊಟ್ಟು ಬಿಟ್ಟಂತೆ ಮಾಡಿ ಕಳಿಸುವವನು, ಹೊಸದನ್ನು ಹಳೇದು ಮಾಡುವವನಿಗೆ ಹಳೇದನ್ನು ಹೊಸದು ಮಾಡುವುದು ಎಷ್ಟರ ಕೆಲಸ, ಬಚ್ಚಲು ಕಟ್ಟಿಕೊಂಡಾಗ ಸುರಿಯಲು ತಂದಿಟ್ಟ ಕಾಸ್ಟಿಕ್ ಸೋಡಾ ಮನೆಯಲ್ಲೇ ಇದೆ. ಕೈಗೆ ರಬ್ಬರ್ ಗ್ಲೌಸು, ಬಕೆಟ್ಟಿನಲ್ಲಿ ನೀರು, ನೀರಿಗೆ ಸೋಡಾ, ಬಾಗಿಲಲ್ಲಿ ನಿಂತ ಹೆಂಡತಿ ರಾಧಾ, ರೀ ಅದು ಪ್ಯಾಂಟಲ್ರೀ ಅಂದಳು, ನಿನಗೇನ ಗೊತ್ತು ಸುಮ್ನಿರು ಅಂದ, ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು, ಆಡಿಬಿಟ್ಟ, ಬಳಿದೂಬಿಟ್ಟ, ಬುಸ್ಸೆಂದಿತು, ನೊರೆ ಬಂತು, ಬಣ್ಣ ಮೆತ್ತಗಾಗಿ ಜಾರುತ್ತಿದೆ, ನೋಡಿದೆಯಾ ಅಂದುಕೊಂಡು ಕೋಲಿಗೆ ಸುತ್ತಿದ ಬಟ್ಟೆಯಿಂದ ಒಂದು ಕಡೆ ಒರೆಸುತ್ತಾನೆ, ಒಳಗೆ — ಕರಿ. ಇನ್ನೊಮ್ಮೆ ಒರೆಸಿದ, ಇನ್ನೂ ಕರಿ, ಇದು ಬಣ್ಣದ ಕರಿಯಲ್ಲ, ಅಲ್ಯೂಮಿನಿಯಮ್ಮೇ ಕರ್ರಗಾಗಿದೆ, ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು, ಮೊದಲಾದರೆ ಮೇಲೆ ಮಾತ್ರ ಶನಿ, ಈಗ ಒಳಗೂ ಶನಿ. ರಾಧಾ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು, ನಿಧಾನವಾಗಿ ಹೇಳಿದಳು, ನಮ್ಮವ್ವನ ಸಿಲ್ವರ್ ಪಾತ್ರಿಗೆ, ಅವೂ ಅಲ್ಯೂಮಿನಿಯಮ್ಮ, ಸೋಡಾ ಹಾಕಿ ತಿಕ್ಕಿ ಎಂಟನೇ ಕ್ಲಾಸಿನಾಗ ನಾ ಬೈಸ್ಕಂಡೀನ್ರಿ, ಕರ್ರಗಾಗ್ತಾವು, ಹುಣಸೆಹಣ್ಣು ಹಾಕಿ ತಿಕ್ಕಬೇಕು, ಒಳಗ ಬರ್ರಿ, ಕೊಡ್ತೀನಿ. ಹದಿನೆಂಟು ವರ್ಷದ ಅನುಭವ ಎಂಟನೇ ಕ್ಲಾಸಿನ ಹಿಂದೆ ತಲೆ ತಗ್ಗಿಸಿಕೊಂಡು ಅಡುಗೆಮನೆಗೆ ನಡೆಯಿತು.

ಡಬ್ಬಿಯಲ್ಲಿ ಹುಣಸೆಹಣ್ಣು ಅಂಟಿಕೊಂಡು ಕೂತಿದೆ, ಒಂದು ಹಿಡಿ ಕೀಳುತ್ತಿದ್ದಾನೆ, ಸಾಕಾಗುತ್ತದೋ ಇಲ್ಲವೋ, ಅಷ್ಟರಲ್ಲಿ ಅಂಗಳದಿಂದ ತಾಯಿಯ ಕೂಗು, ಚಂದ್ರಾ, ರಕ್ತಲೇ, ಗಾಲಿ ರಕ್ತ ಕಾರ್ತೈತಿ — ಓಡಿದ, ಹುಣಸೆಹಣ್ಣು ಮುಷ್ಟಿಯಲ್ಲೇ ಇದೆ, ಅಯ್ಯೋ ಶುಕ್ರವಾರ, ಶುಕ್ರವಾರ ಅವಳು ಹೊಸ್ತಿಲಿಗೆ ಅರಿಶಿನ ಬಳಿದು, ಮಿಕ್ಕದ್ದನ್ನು ಈಳಿಗೆಗೆ, ಒರಳಿಗೆ, ಹೊಲಿಗೆ ಮಿಷನ್ನಿಗೆ ಹಚ್ಚುತ್ತಾ ಬರುತ್ತಾಳೆ, ಬೆಳ್ಳಗಾದ ಗಾಲಿಯನ್ನು ದೂರದಿಂದ ಕಂಡು ಖುಷಿಯಾಗಿ ಬಂದಿದ್ದಾಳೆ, ಅದಕ್ಕೆ ಹಚ್ಚಿ ಪಕ್ಕದ್ದಕ್ಕೂ ಹಚ್ಚಿದ್ದಾಳೆ, ಸೋಡಾ ಹಸಿಯಾಗಿದ್ದ ಗಾಲಿಗೆ, ಮೂರು ಬೆರಳಿನ ಮೂರು ಗೆರೆ, ಹಳದಿಯಲ್ಲ, ಕೆಂಪು, ಕಡುಕೆಂಪು. ಗೆರೆ ಆಮೇಲೆ, ಮೊದಲು ಕೈ, ಅವಳ ಕೈ ಹಿಡಿದು ನಲ್ಲಿಯ ಕೆಳಗೆ ಎಳೆದ, ಉರೀತೈತೇನು ಯಮ್ಮಾ, ಉರಿಯಲ್ಲ ಜಾರಿದಂಗ ಆಗ್ತೈತಿ ಅಂದಳು, ನೀರು ಬಿಡು, ಇನ್ನೂ ಬಿಡು, ಈ ಕೈಯನ್ನು ಹಿಡಿದು ಎಷ್ಟು ವರ್ಷವಾಯಿತು, ಬೆರಳು ಇಷ್ಟು ಸಣ್ಣವಾಗಿದ್ದವೇ, ಚರ್ಮಕ್ಕೆ ಏನೂ ಆಗಿಲ್ಲ, ದೇವರು ದೊಡ್ಡವನು, ಆದರೆ ಕಾರು ಮುಗಿಯಿತು, ರಕ್ತ ಕಾರುವ ಗಾಲಿಯ ಗಾಡಿಗೆ ಇವಳು ಇನ್ನು ಈ ಜನ್ಮದಲ್ಲಿ ಹತ್ತುವುದಿಲ್ಲ, ಮೂರು ಕೆಂಪು ಗೆರೆ, ಏನಾದರೂ ಹೇಳು, ಬೇಗ ಹೇಳು, ರಕ್ತ ಅಲ್ಲ ಯಮ್ಮಾ, ಅರಿಶಿನಕ್ಕ ಸೋಡಾ ತಾಗಿದ್ರ ಹಂಗ ಆಗ್ತೈತಿ, ಸುಣ್ಣ ಹಾಕಿದ್ರ ಕೆಂಪಾಗಲ್ಲೇನು, ಹಂಗ. ಉಜ್ಜಿನಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಗಾಲಿಯನ್ನೇ ನೋಡಿದಳು. ಅರಿಶಿನಕ್ಕ ಸುಣ್ಣ, ಅಂದಳು, ಅಂದ್ರ ಆರತಿ ನೀರು. ಹೌದು, ಅಲ್ಲ, ಹೌದು ಯಮ್ಮಾ. ದೃಷ್ಟಿ ತೆಗಿಯೋ ನೀರು, ನಾ ಕಲಸಲಿಲ್ಲ, ನೀ ಕಲಸಲಿಲ್ಲ, ಗಾಲಿ ತಾನ ಆರತಿ ಮಾಡಿಸ್ಕಂಡೈತಿ, ಇನ್ನೇನು ಬೇಕಲೇ, ಇದನ್ನ ಯಾರೂ ತೊಳೀಬ್ಯಾಡ್ರಿ, ನಾಳೆ ನಾ ಈ ಗಾಲಿ ಕಡೀಗೇ ಕುಂದ್ರತೀನಿ.

ಕೂರುತ್ತಾಳೆ, ಅವಳು ಕೂರುತ್ತಾಳೆ, ಕುಣಿಯಬೇಕು ಅನ್ನಿಸಿತು, ಪೈಪು ಎತ್ತಿಕೊಂಡ, ತೊಳೆದುಬಿಟ್ಟು ಹುಣಸೆಹಣ್ಣು — ತೊಳೀಬ್ಯಾಡ್ರಿ ಅಂದಳಲ್ಲ, ತೊಳೆಯದಿದ್ದರೆ ಸೋಡಾ ಬೆಳಗಾಗುವುದರೊಳಗೆ ಗಾಲಿಯನ್ನು ತಿಂದು ಹಾಕುತ್ತದೆ, ತೊಳೆದರೆ ಗೆರೆ ಹೋಗುತ್ತದೆ, ಗೆರೆ ಹೋದರೆ ಬಸ್ಸು, ಸುತ್ತ ಮಾತ್ರ ತೊಳೆದರೆ, ನೀರು ಕೇಳುತ್ತದೆಯೇ, ರಾಧಾ ಏನೋ ಹೇಳುತ್ತಿದ್ದಾಳೆ, ಪೈಪಿನ ನೀರು ಅವನ ಕಾಲ ಮೇಲೆಯೇ ಸುರಿಯುತ್ತಿದೆ, ಗಾಲಿ ಸಣ್ಣಗೆ ಬುಸುಗುಡುತ್ತಿದೆ, ಮೂರು ಗೆರೆ, ತೊಳೆದರೆ, ತೊಳೆಯದಿದ್ದರೆ, ಕರ್ರಗಿನ ಗಾಲಿ, ಅದರ ಮೇಲೆ ಅಮ್ಮನ ಮೂರು ಬೆರಳು, ಕೆಂಪಗೆ.