ಬಚ್ಚಲಲ್ಲಿ ಒಣಗದ ಅಂಗಿ

“ಆ ಅಂಗೀನ ಬೀದಿ ಕಡೆ ಒಣಹಾಕಿದ್ರೆ ನೋಡಿ ಮತ್ತೆ. ಬಟ್ಟೆ ಹೊಲಿಸೋಕೆ ನಾಲ್ಕು ಜನ ಬರೋ ಮನೆ ಇದು.”

“ಬಚ್ಚಲಲ್ಲಿ ಒಣಗಲ್ಲ ಕಣೇ. ನಿನ್ನೆ ಹಸೀದೇ ಹಾಕ್ಕೊಂಡು ಹೋದೆ. ಮುಗ್ಗಲು ವಾಸನೆಗೆ ಜೊತೆಯವರು ದೂರ ಕೂತ್ರು.”

“ವಾಸನೆ ಬಂದ್ರೆ ಬರ್ಲಿ. ಮಾನ ಹೋಗೋದು ಬೇಡ.”

ಗಂಡ ಲೇತ್ ಕಾರ್ಖಾನೆಯಲ್ಲಿ ಯಂತ್ರದ ಭಾಗ ಜೋಡಿಸುವ ಫಿಟ್ಟರ್ ಆಗಿದ್ದ. ಕಾರ್ಖಾನೆ ಮುಚ್ಚಿ ವರ್ಷಗಳೇ ಕಳೆದಿದ್ದವು. ಕೆಲಸ ಕೇಳಿದಲ್ಲೆಲ್ಲ ವಯಸ್ಸಾಯಿತು ಅಂದರು. ಮನೆಗೆ ಯಾರಾದರೂ ಬಂದರೆ ಒಳಕೋಣೆ ಸೇರುತ್ತಿದ್ದ. ಈಚೆಗೆ, ಬಹುಕಾಲ ಕೆಲಸವಿಲ್ಲದವರಿಗೆಂದು ಸರ್ಕಾರ ನಡೆಸುವ, ಊರ ಬೀದಿ-ಬೆಂಚು ಸರಿಪಡಿಸುವ ಸಮುದಾಯ ಕೆಲಸಕ್ಕೆ ಸೇರಿದ್ದ. ಬೆನ್ನ ಮೇಲೆ ಯೋಜನೆಯ ಹೆಸರು ದಪ್ಪ ಅಕ್ಷರದಲ್ಲಿದ್ದ, ಅಲ್ಲಿ ಕೊಟ್ಟ ಕಿತ್ತಳೆ ಅಂಗಿಯೇ ಹೆಂಡತಿಯ ಕಣ್ಣಿಗೆ ಮುಳ್ಳಾಗಿತ್ತು.

“ಸರಿ ಬಿಡು,” ಎಂದ ಅವನು. “ನಾಳೆಯಿಂದ ಹೋಗಲ್ಲ.”

ಅವಳು ಸರಿಯೆಂದು ತಲೆಯಾಡಿಸಿ ಹೊಲಿಗೆ ಯಂತ್ರಕ್ಕೆ ಕೂತಳು.

ಅಂದು ಮಧ್ಯಾಹ್ನ ಊರಿಂದ ಬರುತ್ತಿದ್ದ ತನ್ನ ಅಣ್ಣನನ್ನು ಕರೆತರಲು ಬಸ್ ನಿಲ್ದಾಣಕ್ಕೆ ಹೋದಳು. ಬಸ್ಸಿಳಿದ ಅಣ್ಣ ಬೆಂಚಿನ ಮೇಲೆ ಕುಳಿತು ನೀರು ಕುಡಿದ. “ಹೋದ ಸಲ ಕೂತಾಗ ಇದು ಉಯ್ಯಾಲೆ ಆಡ್ತಿತ್ತಲ್ಲೇ. ಯಾರೋ ಗಟ್ಟಿ ಮಾಡಿದಾರೆ.”

ಪಕ್ಕದ ಬೆಂಚಿನ ಕಾಲ ಬಳಿ ಮಂಡಿಯೂರಿ ಬೋಲ್ಟು ಬಿಗಿಯುತ್ತಿದ್ದವನು ತಲೆಯೆತ್ತಿದ. ಅವಳ ಗಂಡ. ಅವಳು ಮುಖ ತಿರುಗಿಸುವ ಮೊದಲೇ ಅವನು ತಿರುಗಿಸಿಕೊಂಡ, ಗುರುತೇ ಇಲ್ಲದವನ ಹಾಗೆ. ಅವಳ ಮಾನ ಉಳಿಸಲು. ಕೂಲಿಯವರ ಮುಖ ನೋಡುವ ಅಭ್ಯಾಸ ಅಣ್ಣನಿಗೆ ಇರಲಿಲ್ಲ.

ದಾರಿಯುದ್ದಕ್ಕೂ ಅಣ್ಣ ಮಾತಾಡಿದ್ದು ಅವಳ ಕಿವಿಗೆ ಬೀಳಲಿಲ್ಲ.

ಸಂಜೆ ಚಹಾ ಹೀರುತ್ತಾ ಅಣ್ಣ ಶುರು ಮಾಡಿದ. “ಭಾವ, ಸರ್ಕಾರದ ಭಿಕ್ಷೆ ಇನ್ನೂ ಬಿಟ್ಟಿಲ್ವಂತೆ?”

ಕೆಲಸದಿಂದ ಬಂದಿದ್ದ ಗಂಡ ಲೋಟ ಕೆಳಗಿಟ್ಟ. ಉತ್ತರ ಕೊಟ್ಟವಳು ಅವಳು. “ಭಿಕ್ಷೆ ಅಲ್ಲ ಅಣ್ಣ. ದುಡಿದದ್ದಕ್ಕೆ ಕೂಲಿ. ನೇರ ಬ್ಯಾಂಕಿಗೇ ಬರುತ್ತೆ. ಕೆಲಸ ಮುಗಿದಾಗ ಅನುಭವದ ಪತ್ರ ಕೊಡ್ತಾರೆ. ಮಧ್ಯೆ ಒಳ್ಳೆ ಕೆಲಸ ಸಿಕ್ಕರೆ ಹೋಗಬಹುದು.” ಗಂಡ ಹೇಳುವಾಗ ಕೇಳಿಸದವಳಂತೆ ಹೊಲಿಗೆ ಯಂತ್ರ ತುಳಿಯುತ್ತಿದ್ದ ಅವಳಿಗೆ ಎಲ್ಲವೂ ನೆನಪಿತ್ತು.

“ಬೀದೀಲಿ ಮಣ್ಣು ಬಾಚೋದಕ್ಕೆ ಪತ್ರ ಬೇರೆ ಕೇಡು.”

“ಮಧ್ಯಾಹ್ನ ನೀನು ಕೂತ ಬೆಂಚು ಗಟ್ಟಿ ಮಾಡಿದ್ದು ಇವರೇ. ಪಕ್ಕದಲ್ಲೇ ಇದ್ರು. ನಾನು ನೋಡಿಯೂ ಸುಮ್ಮನಿದ್ದೆ.”

ಗಂಡ ಒಗೆದು ಹಾಕಿದ್ದ ಅಂಗಿಯನ್ನು ಬಚ್ಚಲಿಂದ ತಂದು ಕೊಡವಿ, ಬೀದಿ ಕಡೆಯ ಹಗ್ಗಕ್ಕೆ ಹಾಕಿದಳು.

“ಅದು ಅಲ್ಲಿರೋವರೆಗೂ ಈ ಹೊಸಿಲು ತುಳಿಯಲ್ಲ,” ಅಂದ ಅಣ್ಣ.

“ನಿನ್ನ ಚಪ್ಪಲಿ ಅಲ್ಲೇ ಬಾಗಿಲ ಹತ್ರ ಇದೆ, ಅಣ್ಣ.”

ಅವನು ಚಹಾ ಅರ್ಧಕ್ಕೇ ಬಿಟ್ಟು ಹೊರಟ. ಮತ್ತೆ ಬರಲಿಲ್ಲ.

ಗಂಡ ಮರುದಿನ ಒಣ ಅಂಗಿ ತೊಟ್ಟು ಕೆಲಸಕ್ಕೆ ಹೋದ. ಬಸ್ ನಿಲ್ದಾಣದ ಮಾತನ್ನು ಇವತ್ತಿಗೂ ಎತ್ತಿಲ್ಲ. ಎತ್ತಿ ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಕೆಲಸ ಕಳೆದುಕೊಂಡು ಒಳಕೋಣೆ ಸೇರಿದವರು ಇರಬಹುದು. ನಿಮ್ಮೂರಿನಲ್ಲಿ ಇಂತಹ ಕೆಲಸವಿದೆಯೇ ಎಂದು ಪಂಚಾಯಿತಿ ಅಥವಾ ನಗರಸಭೆ ಕಚೇರಿಗೆ ಹೋಗಿ ವಿಚಾರಿಸಿ. ಇದ್ದರೆ ಅವರ ಹೆಸರು ಬರೆಸಿ. ನಾಲ್ಕು ಜನ ಏನಂತಾರೋ ಎಂದು ಹೆದರಿ ಅವರನ್ನು ತಡೆಯಬೇಡಿ. ಬೀದಿಯಲ್ಲಿ ಅವರು ಎದುರಾದರೆ ಮೊದಲು ನೀವೇ ಮಾತಾಡಿಸಿ.