ಬೇರೆ ಕೈಯಿಂದ ಕೊಡಿ

ಕೊಯ್ದ ಅಂಜಲು ಮೀನನ್ನು ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ರಮಿತಾ ಕೈ ಚಾಚಿದಾಗ ಕೊಳ್ಳಲು ಬಂದ ಹೆಂಗಸು ತೆಗೆದುಕೊಳ್ಳಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಪಕ್ಕದಲ್ಲಿ ಬಂಗಡೆ ಮಾರುತ್ತಿದ್ದ ವನಜಕ್ಕನ ಕಡೆ ತಿರುಗಿದಳು.

"ಬೇರೆ ಕೈಯಂಗೆ ಕೊಡ್ಸಿ. ಇದ್ರ ಕೈಯಂಗೆ ನಂಗ್ ಬ್ಯಾಡ."

"ಎಂತಕೆ? ಮೀನ್ ತಾಜಾ ಇತ್ತಲೆ," ಎಂದಳು ರಮಿತಾ.

"ಮೀನ್ ತಾಜಾ ಇತ್. ನಿನ್ ಕೈ ನಿಂಗ್ ಕಾಂತಿಲ್ಯಾ?"

ರಮಿತಾಳ ಬೆರಳ ತುದಿಯಿಂದ ಮೊಣಕೈವರೆಗೆ ತೊನ್ನಿನ ಬಿಳಿ ಮಚ್ಚೆಗಳಿದ್ದವು. ಹೆಂಗಸು ಹೋದಳು. ಕೊಯ್ದ ಮೀನು ತೊಟ್ಟೆಯಲ್ಲೇ ಉಳಿಯಿತು. ಸುತ್ತ ಕುಳಿತಿದ್ದವರೆಲ್ಲ ನೋಡಿದರು.

ತಲ್ಲೂರಿನ ಹತ್ತಿರ ಹೆದ್ದಾರಿ ಬದಿಯ ಆ ಸಣ್ಣ ಮೀನು ಮಾರ್ಕೆಟ್ಟಿಗೆ ಅವಳು ಬಂದು ಎಂಟು ದಿನವಾಗಿತ್ತು. ಅದು ಅವಳ ತಾಯಿ ಬೇಬಿ ಇಪ್ಪತ್ತು ವರ್ಷ ಕೂತ ಜಾಗ. ಬೇಬಿಯ ಮೊಣಕಾಲು ಊದಿ ನೆಲಕ್ಕೆ ಕೂರಲಾಗದೆ ಹೋದಾಗ ಬುಟ್ಟಿ ಮಗಳ ತಲೆಗೆ ಬಂತು.

ಅದಕ್ಕೆ ಮೊದಲು ರಮಿತಾ ಕುಂದಾಪುರದ ಒಂದು ಬಟ್ಟೆ ಅಂಗಡಿಯಲ್ಲಿ ಏಳು ವರ್ಷ ಸೀರೆ ಬಿಡಿಸಿ ತೋರಿಸುತ್ತಿದ್ದಳು. ಮಚ್ಚೆ ಪಾದದಲ್ಲಿದ್ದಷ್ಟು ದಿನ ಯಾರಿಗೂ ತೊಂದರೆಯಿರಲಿಲ್ಲ. ಬೆರಳಿಗೆ ಬಂದ ವಾರವೇ ಮಾಲೀಕರು ಅವಳನ್ನು ಮಹಡಿಯ ಗೋದಾಮಿಗೆ ಕಳಿಸಿ, ಚೀಟಿ ಅಂಟಿಸುವ ಕೆಲಸ ಕೊಟ್ಟರು. "ಆಯ್ತು ಸರ್," ಎಂದು ಅವಳು ಮೆಟ್ಟಿಲು ಹತ್ತಿದ್ದಳು. ಒಂದು ವರ್ಷ ಗೋಡೆಗಳ ಜೊತೆ ಕೂತು, ಕೊನೆಗೆ ತಾನಾಗಿಯೇ ಕೆಲಸ ಬಿಟ್ಟಳು. ಅಷ್ಟರಲ್ಲಿ, ಈ ಕೈ ಜನರೆದುರು ತೋರಿಸುವಂಥದ್ದಲ್ಲ ಎಂದು ಅವರು ಅಂದುಕೊಂಡದ್ದನ್ನೇ ಅವಳೂ ನಂಬಿದ್ದಳು. ಸೆಕೆಯಲ್ಲೂ ಉದ್ದ ತೋಳಿನ ರವಿಕೆ ಹಾಕಿದಳು. ಮದುವೆಮನೆಗೆ ಹೋಗುವುದನ್ನು ನಿಲ್ಲಿಸಿದಳು. ಯಾರೂ ಹೇಳದಿದ್ದರೂ ಮನೆಯಲ್ಲಿ ತನ್ನ ಬಟ್ಟಲು ಲೋಟ ಬೇರೆ ಇಟ್ಟುಕೊಂಡಳು.

ಅಂಜಲು ಬೇಡವಾದ ಆ ದಿನವೇ ವನಜಕ್ಕ ತೀರ್ಪು ಕೊಟ್ಟಳು. "ಗ್ಲೌಸ್ ಹಾಕ್ಕೋ ಹೆಣ್ಣೆ. ಇಲ್ದಿರೆ ನಿನ್ನ್ ಕಂಡ್ ನಮ್ ಗಿರಾಕಿಯೂ ಹೋತ್ರ್."

ರಮಿತಾ ಗ್ಲೌಸ್ ಹಾಕಿದಳು. ಕೈಗೆ ಮುಳ್ಳು ತಿಳಿಯಲಿಲ್ಲ, ಮೀನು ಜಾರಿತು, ತುಂಡುಗಳು ಒಂದು ದಪ್ಪ ಒಂದು ತೆಳುವಾದವು. ಒಳಗೆ ಬೆವರಿ ಚರ್ಮ ಸುಲಿಯಿತು. ಹತ್ತು ದಿನ ಹಾಗೆಯೇ ಕೊಯ್ದಳು.

ಹನ್ನೊಂದನೆಯ ದಿನ ಬೆಳಿಗ್ಗೆ ಸುಧೀರ್ ಬಂದ. ಊಟದ ಹೋಟೆಲಿನವನು, ಬೇಬಿಯ ಹಳೆಯ ಗಿರಾಕಿ. ಅರ್ಧ ಕೊಯ್ದ ಅಂಜಲಿನ ಮುಂದೆ ನಿಂತು, ಇಡೀ ಮಾರ್ಕೆಟ್ಟಿಗೆ ಕೇಳುವ ಹಾಗೆ ಮಾತಾಡಿದ.

"ಗ್ಲೌಸ್ ಹಾಕಿರೆ ರೋಗ ಹೋತ್ತಾ? ನಾಳೆಯಿಂದ ನಿನ್ ಅಮ್ಮ ಬರ್ಲಿ. ಇಲ್ದಿರೆ ನೀ ಮುಟ್ಟದೆ ಮೀನ್ ಇಡೀದೇ ಕಳ್ಸು. ನನ್ ಹೋಟ್ಲಂಗೆ ಜನ ಉಣ್ಕಲೆ."

'ಆಯ್ತು' ಎಂಬ ಮಾತು ರಮಿತಾಳ ಗಂಟಲವರೆಗೆ ಬಂದಿತ್ತು. ಆ ಮಾತಿನ ರುಚಿ ಅವಳಿಗೆ ಗೊತ್ತಿತ್ತು. ಗೋದಾಮಿನ ಧೂಳಿನ ರುಚಿ. ಅವಳು ಗ್ಲೌಸ್ ಕಳಚಿ ಕಸದ ಬುಟ್ಟಿಗೆ ಎಸೆದಳು.

"ನೀವ್ ಬೇರೆ ಕಡೆ ತಕಣಿ."

"ಎಂತ?"

"ನಾ ಮುಟ್ಟಿದ್ ಬ್ಯಾಡ ಅಂದ್ರೆ ನನ್ ಮೀನೇ ಬ್ಯಾಡ ಅಂದಾಂಗ್ ಆಯ್ತ್. ಈ ಮೀನ್ ನಿಮ್ಗ್ ಕೊಡುದಿಲ್ಲೆ."

"ಸೊಕ್ಕ್ ಕಾಣಿ ಇದ್ರದ್ದ್! ಮೈಯೆಲ್ಲ ತೊನ್ನ್, ಬಾಯಿ ಮಾತ್ರ ಜೋರ್," ಎಂದು ಉಗಿದು ಅವನು ಹೊರಟ. ರಮಿತಾ ಬರಿಗೈಯಲ್ಲೇ ಮೀನಿನ ಹೊಟ್ಟೆಯೊಳಗೆ ಬೆರಳು ತೂರಿಸಿ ಕರುಳು ತೆಗೆಯತೊಡಗಿದಳು.

ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

"ಇಪ್ಪತ್ ವರ್ಷದ ಗಿರಾಕಿ ಅವ್ರ್!" ಬೇಬಿ ಕೂಗಿದಳು. "ಇಪ್ಪತ್ ದಿನದಂಗೆ ಓಡ್ಸಿ ಬಂದ್ಯಲೆ! ನೀ ಒಳ್ಗ್ ಕೂಕೋ. ನಾಳೆ ನಾನೇ ಹೋತೆ."

"ಇದ್ ಹರಡೂ ರೋಗ ಅಲ್ಲ ಅಂದೇಳಿ ಡಾಕ್ಟ್ರ್ ಹೇಳ್ದಾಗ ನೀನೂ ಇದ್ದೆ ಅಲ್ದಾ ಅಮ್ಮ?"

"ಇದ್ದೆ. ಅದ್ನ ಊರಿಗೆಲ್ಲ ಹೇಳ್ತಾ ತಿರ್ಗೂಕ್ ಆತ್ತಾ?"

"ಊರ್ ಬಿಡ್. ಈ ಮನೆಯಂಗೆ ನನ್ ಬಟ್ಲ್ ಎಂತಕೆ ಬೇರೆ ಇತ್?"

ಬೇಬಿ ಅವಳನ್ನು ದುರುಗುಟ್ಟಿ ನೋಡಿದಳು. "ನನ್ನ್ ಎಂತ ಕೇಂತೆ? ನೀನೇ ಇಟ್ಕಂಡದ್ದ್. ನಾನ್ ಇಡು ಅಂದಿದ್ನಾ?"

ಮಾತು ನಿಜವಾಗಿತ್ತು. ಅಮ್ಮ ಇಡು ಎಂದಿರಲಿಲ್ಲ. ತೆಗೆ ಎಂದೂ ಅಂದಿರಲಿಲ್ಲ. ರಮಿತಾ ಅಡುಗೆಮನೆಗೆ ಹೋಗಿ ಕಿಟಕಿಯ ಬಳಿಯ ಬಟ್ಟಲು ಲೋಟಗಳನ್ನು ಉಳಿದ ಪಾತ್ರೆಗಳ ನಡುವೆ ತುರುಕಿದಳು. ಸದ್ದು ಜೋರಾಗಿಯೇ ಆಯಿತು.

ಮೊಣಕಾಲು ನೋವಿಗೆ ಬೇಬಿ ಏಳಲಾಗದೆ ಮರುದಿನವೂ ರಮಿತಾಳೇ ಹೋದಳು; ಅವಳ ಜಾಗದಲ್ಲಿ ವನಜಕ್ಕನ ಎರಡು ಬುಟ್ಟಿಗಳಿದ್ದವು.

"ನೀನ್ ಹಿಂದೆ ಐಸ್ ಪೆಟ್ಟಿಗೆ ಹತ್ರ ಕೂಕೋ," ಎಂದಳು ವನಜಕ್ಕ.

ರಮಿತಾ ಬುಟ್ಟಿಗಳನ್ನು ಒಂದೊಂದಾಗಿ ಎತ್ತಿ ವನಜಕ್ಕನ ಎದುರಿಗೆ ಇಟ್ಟಳು. ಬಂಗಡೆ ಒಂದೂ ಕೆಳಗೆ ಬೀಳಲಿಲ್ಲ.

"ನನ್ ಬುಟ್ಟಿ ಮುಟ್ಟಿದ್ಯಾ? ತೊನ್ನಿ!"

"ಹೌದ್, ತೊನ್ನ್ ಇತ್. ಅದ್ಕೆ ಜಾಗ ಬಿಡ್ಕ್ ಅಂದೇಳಿ ಕಾನೂನ್ ಇಲ್ಲೆ ವನಜಕ್ಕ."

ಅವಳು ಕೂತಳು. ಅವತ್ತು ಅರ್ಧ ಮೀನು ಮಾರಾಟವಾಗಲಿಲ್ಲ. ಮನೆಗೆ ತಂದು ಉಪ್ಪು ಹಾಕಿದಳು. ಮರುದಿನವೂ ಹಾಗೆಯೇ ಆಯಿತು. ರಾತ್ರಿ ಮಲಗುವಾಗ, ತಾನು ತಪ್ಪು ಮಾಡಿದೆನೇ ಎಂದು ಎಷ್ಟೋ ಸಲ ಕೇಳಿಕೊಂಡಳು. ಬೆಳಗಾದರೆ ಮತ್ತೆ ಅಲ್ಲೇ ಹೋಗಿ, ಗಿಡ್ಡ ತೋಳಿನ ರವಿಕೆಯಲ್ಲಿ ಕೂರುತ್ತಿದ್ದಳು.

ವಾರ ಕಳೆದ ಮೇಲೆ ಕೆರಾಡಿಯ ದೇವಪ್ಪ ಬಂದರು. ಬಸ್ಸು ಓಡಿಸಿ ನಿವೃತ್ತರಾದವರು, ಮಾತು ಒರಟು. ಕಾಣೆ ಮೀನನ್ನು ತಿರುಗಿಸಿ ನೋಡಿದರು, ಆಮೇಲೆ ಅವಳ ಕೈಯನ್ನು ನೋಡಿದರು.

"ತೊನ್ನಾ?"

"ಹೌದ್."

"ಹ್ಞಾಂ. ಕಾಣೆ ಹ್ಯಾಂಗ್ ಕೊಟ್ಟೆ?"

ಅವಳು ದರ ಹೇಳಿದಳು.

"ಹ್ವಾಯ್, ಎಂತ ದರೋಡೆಯಾ ಇದ್? ನಾನೇನ್ ದೋಣಿ ಕೇಂಡ್ನಾ?"

"ದೋಣಿ ಬ್ಯಾಡ ಅಂದ್ರೆ ಗಾಳ ಹಾಕಿ ನೀವೇ ಹಿಡ್ಕಣಿ!"

ಇಬ್ಬರ ಜಗಳ ಹೆದ್ದಾರಿಗೆ ಕೇಳಿತು. ಅವರು ಹತ್ತು ಹೆಜ್ಜೆ ಹೋಗಿ ಮತ್ತೆ ಬಂದರು, ಅವಳು ಒಂದಿಷ್ಟು ಇಳಿಸಿದಳು. ಚರ್ಮ ಹರಿಯದಂತೆ ಹುರುಪೆ ತೆಗೆದುಕೊಟ್ಟದ್ದನ್ನು ಅವಳ ಕೈಯಿಂದಲೇ ಇಸಿದುಕೊಂಡು, ಗೊಣಗುತ್ತಲೇ ಹೋದರು. ರಮಿತಾಳ ಮುಖ ಬಿಸಿಯಾಗಿತ್ತು. ಎಷ್ಟು ವರ್ಷವಾಗಿತ್ತು, ಯಾರಾದರೂ ಅವಳ ಜೊತೆ ಎಲ್ಲರ ಜೊತೆಗೆ ಮಾಡುವಂಥ ಜಗಳ ಮಾಡಿ!

ಸುಧೀರ್ ತಿರುಗಿ ಬರಲಿಲ್ಲ. ಅಂಜಲು ಬೇಡವೆಂದ ಹೆಂಗಸು ಈಗಲೂ ಆಚೆ ಬದಿಯಿಂದ ಸುತ್ತು ಹೊಡೆದು ಹೋಗುತ್ತಾಳೆ. ಆದರೆ ತುಂಡು ಸಮನಾಗಿರುತ್ತದೆಂದು ಬರುವವರು ನಿಧಾನಕ್ಕೆ ಹೆಚ್ಚಾದರು. ಅವರಲ್ಲಿ ಕೆಲವರು ತೊಟ್ಟೆಯ ತುದಿಯನ್ನಷ್ಟೇ ಹಿಡಿಯುತ್ತಾರೆ. ಅದು ಅವಳಿಗೆ ಕಾಣುತ್ತದೆ. ಅದನ್ನು ಮನೆಗೆ ಹೊತ್ತು ತರುವುದಿಲ್ಲ.

ದೀಪಾವಳಿ ಕಳೆದು ಬೇಬಿಯ ಕಾಲು ಸ್ವಲ್ಪ ಸುಧಾರಿಸಿತು. ಒಂದು ಬೆಳಿಗ್ಗೆ ಪ್ಲಾಸ್ಟಿಕ್ ಸ್ಟೂಲು ಹಿಡಿದುಕೊಂಡು ಮಾರ್ಕೆಟ್ಟಿಗೆ ಬಂದು ಮಗಳ ಬದಿಗೆ ಕೂತಳು. ವನಜಕ್ಕನ ಮುಖ ಅರಳಿತು.

"ಅಂತೂ ಬಂದ್ಯಲೆ ಬೇಬಿ! ಇನ್ನಾದ್ರೂ ಮಗಳ್ನ ಮನೆಯಂಗೆ ಕೂರ್ಸು."

ಬೇಬಿ ಕಾಲು ನೀವಿಕೊಂಡಳು. ಅವಳ ದನಿಯಲ್ಲಿ ಮಗಳ ಮೇಲಿನ ಸಿಟ್ಟು ಇನ್ನೂ ಪೂರ್ತಿ ಆರಿರಲಿಲ್ಲ.

"ನನ್ ಮಗ್ಳ್ ಕೊಯ್ದಾಂಗ್ ನಂಗ್ ಕೊಯ್ಯೂಕ್ ಬತ್ತಿಲ್ಲೆ. ನೀನ್ ನಿನ್ ಬಂಗ್ಡೆ ಕಾಣ್."

ರಮಿತಾ ತಲೆ ಎತ್ತಲಿಲ್ಲ. ಎದುರಿಗೆ ಕಾಯುತ್ತಿದ್ದವರನ್ನು ಕೇಳಿದಳು, "ತುಂಡ್ ದಪ್ಪ ಬೇಕಾ, ತೆಳೂ ಸಾಕಾ?"